ನಲವತ್ತೇಳು ಸೆಕೆಂಡಿನ ಹೋಪ್ಟನ್

ಹೋಪ್ಟನ್ ಟಲಕ್ ಎಂಬ ಹೆಸರು ಮಿಸ್ ಇಲ್ಡಾಳ ಕಿವಿಗೆ ಮೊದಲ ಸಲ ಬಿದ್ದದ್ದು ಡಂಕನ್ ಗ್ಯಾಪ್ ಹೈಸ್ಕೂಲಿನ ಕ್ರೀಡೋತ್ಸವದ ದಿನ. ಆಗ ಅವಳಿಗೆ ಇಪ್ಪತ್ತೇಳು ವರ್ಷ. ಶಾಲೆಯ ಅಡಿಗೆಮನೆಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿಕೊಂಡು ಉಪ್ಪುಮೀನಿನ ವಡೆ ಕರಿಯುತ್ತಿದ್ದಳು. ಮೈದಾನದ ಕಡೆಯಿಂದ ಎಂದಿನ ಗಲಾಟೆ ಬರುತ್ತಿತ್ತು. ಅದು ತಟ್ಟನೆ ನಿಂತಿತು. ಆಮೇಲೆ ಒಮ್ಮೆಗೇ ಬೊಬ್ಬೆ. ಅಂಥ ಬೊಬ್ಬೆಯನ್ನು ಚುನಾವಣೆ ಗೆದ್ದ ದಿನ ಬಿಟ್ಟರೆ ಬೇರೆಂದೂ ಅವಳು ಕೇಳಿರಲಿಲ್ಲ. ಪಕ್ಕದಲ್ಲಿ ಎಲೆಕೋಸು ಹೆಚ್ಚುತ್ತಿದ್ದ ಬರ್ಡಿ ಚೂರಿ ಬಿಸಾಕಿ ಓಡಿದವಳು ಐದು ನಿಮಿಷಕ್ಕೆ ಏದುಸಿರು ಬಿಡುತ್ತ ವಾಪಸ್ಸು ಬಂದಳು.

"ಕೇಳಿದ್ಯೇನೇ ಇಲ್ಡಾ! ಆ ಟಲಕ್‌ಗಳ ಮನೆ ಉದ್ದಕಾಲಿನವನು, ಹೋಪ್ಟನ್ನು, ಕಾಲು ಮೈಲೀನ ನಲವತ್ತೇಳು ಸೆಕೆಂಡಲ್ಲಿ ಓಡಿಬಿಟ್ನಂತೆ! ಗಡಿಯಾರ ಹಿಡಿದ ಮೇಷ್ಟ್ರು ಮೂರೂ ಜನ ಅಳ್ತಾ ನಿಂತವ್ರೆ."

"ನಲವತ್ತೇಳು ಅಂದ್ರೆ ಜಾಸ್ತೀನಾ ಕಮ್ಮೀನಾ?"

"ನಂಗೇನ್ ಗೊತ್ತು? ಗಂಡಸ್ರು ಅಳ್ತಾವ್ರೆ ಅಂದ್ರೆ ದೊಡ್ಡದೇ ಇರ್ಬೇಕು."

ಇಲ್ಡಾ ನಕ್ಕಳು. ಆ ನಗು ಮುಗಿಯುವ ಮೊದಲೇ ಗಂಡ ವರ್ನಲ್ ಅಡಿಗೆಮನೆಯ ಮೂಲೆ ತಿರುಗಿ ಬಂದ. ಅವನು ಶಾಲೆಯ ಮೈದಾನ ನೋಡಿಕೊಳ್ಳುವ ಆಳು. ಮೊಣಕಾಲಿನವರೆಗೆ ಸುಣ್ಣ ಮೆತ್ತಿತ್ತು, ಮುಖವೂ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಚೊಂಬು ನೀರು ಗಟಗಟ ಕುಡಿದು, ಬರ್ಡಿ ಆ ಕಡೆ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದ:

"ಹಗ್ಗ ಎಲ್ಲಿಟ್ಟೆ?"

ಆ ಹಗ್ಗದ ವಿಷಯ ಹೀಗೆ. ಹಿಂದೊಬ್ಬ ಇಂಗ್ಲಿಷ್ ಹೆಡ್‌ಮಾಸ್ತರ ಶಾಲೆ ಬಿಟ್ಟು ಊರಿಗೆ ಹೋಗುವಾಗ ಕತ್ತಾಳೆ ನಾರಿನ ದಪ್ಪ ಹಗ್ಗವೊಂದನ್ನು ವರ್ನಲ್‌ನ ಅಪ್ಪನ ಕೈಗೆ ಕೊಟ್ಟಿದ್ದ. ಐವತ್ತೈದು ಗಜ, ತುದಿಗಳಿಗೆ ಹಿತ್ತಾಳೆ ಬಳೆ. ಎಂಟು ಹಗ್ಗ ಹಾಸಿದರೆ ಒಂದು ಸುತ್ತು, ಕಾಲು ಮೈಲಿ. ಪ್ರತಿ ವರ್ಷ ಕ್ರೀಡೋತ್ಸವದ ಹಿಂದಿನ ದಿನ ಆ ಹಗ್ಗ ಹಾಸಿ, ಗೂಟ ಹೊಡೆದು, ಸುಣ್ಣದ ಗೆರೆ ಎಳೆಯುವುದು ಪದ್ಧತಿ. ಆ ವರ್ಷ ವರ್ನಲ್‌ನ ಜೊತೆಗಾರನಿಗೆ ಜ್ವರ ಬಂದಿತ್ತು. ಇನ್ನೊಂದು ತುದಿ ಹಿಡಿದವಳು ಇಲ್ಡಾ. ಜಗಲಿಯ ಮೊಳೆಯಿಂದ ಜಾರಿದ್ದ ಹಗ್ಗ ಎರಡು ದಿನ ಸೂರಿನ ಮಳೆನೀರು ಇಳಿಯುವ ದೋಣಿಯ ಕೆಳಗಿನ ಪೀಪಾಯಿಯಲ್ಲಿ ನೆನೆದು ಕೂತಿತ್ತು. ಹಿಂಡಿದರೆ ನೀರು ಇಳಿಯುತ್ತಿತ್ತು. ಹಾಸುತ್ತ ಹೋದ ಹಾಗೆ, ಹಿಂದಿನ ವರ್ಷದ ಗೂಟದ ಗುಂಡಿಗಳಿಗೆ ಹಗ್ಗ ನಿಲುಕಲೇ ಇಲ್ಲ. ಒಂದೊಂದು ಹಾಸಿಗೂ ಗಜ, ಒಂದೂವರೆ ಗಜ ಹಿಂದೆಯೇ ಉಳಿಯಿತು.

"ಇದೇನ್ರೀ, ಗುಂಡಿ ಅಲ್ಲಿದೆ, ಬಳೆ ಇಲ್ಲಿದೆ," ಎಂದಿದ್ದಳು ಇಲ್ಡಾ.

"ಗುಂಡಿ ತಪ್ಪಿರುತ್ತೆ. ದೊರೆ ಕೊಟ್ಟ ಹಗ್ಗ ತಪ್ಪುತ್ತೇನೆ? ಹೊಡಿ ಗೂಟ," ಎಂದಿದ್ದ ವರ್ನಲ್.

ನೆಲ ಸುಳ್ಳು ಹೇಳಿತೆಂದು ಗಂಡ ಹೆಂಡತಿ ಇಬ್ಬರೂ ನಂಬಿದರು. ಆ ಮೈದಾನದಲ್ಲಿ ಓಡಿ ಹೋಪ್ಟನ್ ನಲವತ್ತೇಳು ಮಾಡಿದ.

ಮೂರು ದಿನ ಬಿಸಿಲಿಗೆ ಒಣಗಿದ ಮೇಲೆ ವರ್ನಲ್ ಒಬ್ಬನೇ ಹೋಗಿ ಹಗ್ಗವನ್ನು ಮತ್ತೆ ಹಾಸಿ ನೋಡಿದ. ಬಳೆ ಹೋಗಿ ಹಳೆಯ ಗುಂಡಿಯ ಮೇಲೆಯೇ ಕೂತಿತು. ನೆನೆದಾಗ ಹಗ್ಗ ಕುಗ್ಗಿತ್ತು; ಹುಡುಗರು ಓಡಿದ್ದು ಒಂದು ಸುತ್ತಿನಲ್ಲಿ ಹನ್ನೆರಡು ಗಜ ಕಡಿಮೆ. ಗೂಟಗಳನ್ನು ಕಿತ್ತು ಹಳೆಯ ಜಾಗಕ್ಕೆ ಹೊಡೆದು ಮನೆಗೆ ಬಂದು ಹೇಳಿದ: "ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಈ ಮನೆ ಹೋಗುತ್ತೆ. ಹುಡುಗ ಖುಷಿಯಾಗಿದಾನೆ, ಶಾಲೆ ಖುಷಿಯಾಗಿದೆ. ನಿಂಗೇನು ನೋವು?" ಅವರಿದ್ದ ಎರಡು ಕೋಣೆಯ ಮನೆ ಶಾಲೆಯದ್ದು. ಇಲ್ಡಾಳ ಹೊಟ್ಟೆಯಲ್ಲಿ ಆಗ ಆರು ತಿಂಗಳ ಮಗು. ಅವಳು ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಸಭಾಂಗಣದ ಗೋಡೆಯ ಎತ್ತರದ ಫಲಕದಲ್ಲಿ ಹೋಪ್ಟನ್‌ನ ಹೆಸರು ಬಂಗಾರದ ಬಣ್ಣದಲ್ಲಿ ಏರಿ ಕೂತಿತ್ತು. ಊರವರು ಅವನ ಹೆಸರನ್ನೇ ಬಿಟ್ಟು "ನಲವತ್ತೇಳು" ಎಂದು ಕರೆಯಲು ಶುರು ಮಾಡಿದರು. ಅವನು ಹೋದಲ್ಲೆಲ್ಲ ಬಾಳೆಕಾಯಿ ಬೇಯಿಸಿಟ್ಟರು, ದೀವಿಹಲಸು ಸುಟ್ಟಿಟ್ಟರು. ತಿಂಗಳು ಕಳೆದು ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಎಲ್ಲ ಶಾಲೆಗಳ ದೊಡ್ಡ ಪಂದ್ಯಕ್ಕೆ ಎರಡು ಲಾರಿ ತುಂಬ ಜನ ಹೋದರು. ಹೋಪ್ಟನ್ ಪ್ರಾಣ ಬಿಟ್ಟು ಓಡಿದ. ನಲವತ್ತೆಂಟು ಪಾಯಿಂಟ್ ಐದು. ಆರನೆಯ ಸ್ಥಾನ.

ಲಾರಿಗಳು ಹಾಡಿಲ್ಲದೆ ವಾಪಸ್ಸು ಬಂದವು. ಬರುವ ದಾರಿಯಲ್ಲೇ ಕಾರಣ ಸಿಕ್ಕಿತ್ತು. ಹುಡುಗನನ್ನು ತಯಾರು ಮಾಡಿದವರು ಟೀಚರ್ ಪಿನಾಕ್. ಲೆಕ್ಕ ಹೇಳಿಕೊಡುತ್ತಿದ್ದ ಸಣಕಲು ಮನುಷ್ಯ, ಹಸಿರು ಬಾವುಟದ ಪಕ್ಷದ ಕಡೆಯವರು. ಊರಿನ ಮುಕ್ಕಾಲು ಪಾಲು, ಆಡಳಿತ ಮಂಡಳಿಯ ಅಧ್ಯಕ್ಷ ಮುದಿ ಸ್ಟರ್ಜ್ ಸಮೇತ, ಕಿತ್ತಳೆ ಬಾವುಟದವರು. ಪಿನಾಕ್‌ಗೆ ಕಿಂಗ್‌ಸ್ಟನ್ನಿನ ಶಾಲೆಯೊಂದರಲ್ಲಿ ದೊಡ್ಡ ಹುದ್ದೆಯ ಆಸೆ ತೋರಿಸಿದ್ದಾರೆ, ಅದಕ್ಕೇ ಹುಡುಗನನ್ನು ಹಿಂದಿನ ದಿನ ಬೇಕೆಂದೇ ಓಡಿಸಿ ಓಡಿಸಿ ದಣಿಸಿದ್ದಾನೆ ಎಂದರು. ಒಂದೇ ತಿಂಗಳಲ್ಲಿ ಒಂದೂವರೆ ಸೆಕೆಂಡು ಎಲ್ಲಿ ಹೋಯಿತು, ಯಾರೋ ಕದ್ದಿರಲೇಬೇಕಲ್ಲ.

ಸ್ಟರ್ಜ್ ಅವರನ್ನು ಕೆಲಸದಿಂದ ತೆಗೆದ. ಟೀಚರ್ ಪಿನಾಕ್ ಪೆಟ್ಟಿಗೆ ಹೊತ್ತು ಬಸ್ಸಿಗೆ ಹೊರಟ ದಿನ ರಸ್ತೆಯ ಎರಡೂ ಕಡೆ ಜನ ನಿಂತಿದ್ದರು. ಹೋಪ್ಟನ್ ಮುಂದೆ ಬಂದು ಅವರ ಬೂಟಿನ ಮೇಲೆ ಉಗಿದ. ಅವರು ಕರವಸ್ತ್ರದಿಂದ ಬೂಟು ಒರೆಸಿಕೊಂಡು, "ಮಂಡಿಗೆ ಬಿಸಿನೀರು ಹಾಕ್ತಾ ಇರು ಮಗಾ," ಎಂದು ಬಸ್ಸು ಹತ್ತಿದರು. ತುಂಬು ಹೊಟ್ಟೆ ಹಿಡಿದುಕೊಂಡು ಇಲ್ಡಾ ಬೇಲಿಯ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ಗಂಡ ಅವಳ ಮೊಣಕೈಯನ್ನು ಹಿಡಿದೇ ಇದ್ದ.

ಗೋಡೆಯ ಮೇಲಿನ ಅಂಕಿಯನ್ನು ಕಾಗದದಲ್ಲಿ ಓದಿ ಅಮೆರಿಕದ ಕಾಲೇಜೊಂದು ಹೋಪ್ಟನ್‌ನನ್ನು ಕರೆಸಿಕೊಂಡಿತು. ಹದಿನಾಲ್ಕು ತಿಂಗಳಿಗೆ ಮಂಡಿಗೆ ಪಟ್ಟಿ ಸುತ್ತಿಕೊಂಡು ವಾಪಸ್ಸು ಬಂದ. ಅಲ್ಲಿ ಅವನು ನಲವತ್ತೆಂಟರ ಕೆಳಗೆ ಒಮ್ಮೆಯೂ ಇಳಿಯಲಿಲ್ಲ ಎಂಬುದು ಇಲ್ಡಾಳಿಗೆ ತಿಳಿದದ್ದು ಬಹಳ ವರ್ಷ ಕಳೆದ ಮೇಲೆ. ಊರಿಗೆ ಮಾತ್ರ ಅವನು ಹೇಳಿದ್ದು ಮಂಡಿಯ ಕತೆ. ಸ್ಟರ್ಜ್ ಅವನನ್ನು ಶಾಲೆಯಲ್ಲೇ ಓಟದ ಕೋಚು ಮಾಡಿಕೊಂಡ.

ಅಲ್ಲಿಂದ ನಲವತ್ತು ವರ್ಷ ಹೋಪ್ಟನ್‌ಗೆ ಎರಡೇ ಜಾಗ: ಹಗಲು ಮೈದಾನ, ಸಂಜೆ ಬರ್ಡಿಯ ಅಂಗಡಿ. ಅಷ್ಟರಲ್ಲಿ ಬರ್ಡಿ ಶಾಲೆಯ ಅಡಿಗೆ ಬಿಟ್ಟು ರಸ್ತೆಬದಿಯಲ್ಲಿ ಅಂಗಡಿ ಹಾಕಿದ್ದಳು. ಡಾಮಿನೋ ಆಟದ ಕಲ್ಲನ್ನು ಹಲಗೆಗೆ ಫಟ್ಟೆಂದು ಬಡಿಯುತ್ತ ಹೋಪ್ಟನ್ ಭಾಷಣ ಶುರು ಮಾಡುತ್ತಿದ್ದ.

"ಓಟಕ್ಕೂ ಬಾವುಟಕ್ಕೂ ಏನಪ್ಪಾ ಸಂಬಂಧ ನಲವತ್ತೇಳು?" ಎಂದು ಯಾರಾದರೂ ಬೇಕೆಂದೇ ಕೆಣಕುತ್ತಿದ್ದರು.

"ಸಂಬಂಧ ಇಲ್ವಾ? ಯಾವ ಗೆರೆ ಯಾರಿಗೆ ಅಂತ ಹಂಚೋರು ಯಾರು? ಗಡಿಯಾರ ಯಾರ ಕೈಲಿ? ಹುಡುಗ ಬಡವನ ಮಗ, ಬೆಟ್ಟದ ಮೇಲಿನೋನು ಅಂದ್ರೆ ಅವನಿಗೆ ಹೊರಗಡೆ ಗೆರೆ. ಲಾಯರ್ ಮಗನಿಗೆ ನಡುವಿನ ಅನುಕೂಲದ ನಾಲ್ಕನೇ ಗೆರೆ. ನಮ್ಮೂರ ಒಳ್ಳೇ ಕಾಲೆಲ್ಲ ಹದಿನಾಲ್ಕು ತುಂಬೋದ್ರೊಳಗೆ ಕಿಂಗ್‌ಸ್ಟನ್ನೋರು ಕಿತ್ಕೊಂಡು ಹೋಗ್ತಾರೆ, ಅವರಮ್ಮಂಗೊಂದು ಫ್ರಿಜ್ಜು ಕೊಟ್ಟು. ಇದು ರಾಜಕೀಯ ಅಲ್ದೆ ಇನ್ನೇನು, ಪ್ರಾರ್ಥನೆಯಾ?"

"ನಿನ್ನ ಮಂಡೀನೂ ರಾಜಕೀಯಾನೇನೋ?"

"ನಗ್ರಿ ನಗ್ರಿ. ಬಡಗಿಗೆ ವಯಸ್ಸಾದ್ರೆ ಅವ್ನು ಮಾಡಿದ ಕುರ್ಚಿ ಇರುತ್ತೆ. ದರ್ಜಿಗೆ ವಯಸ್ಸಾದ್ರೆ ಯಾರೋ ಅವನ ಕೋಟು ಹಾಕ್ಕೊಂಡಿರ್ತಾರೆ. ಓಡೋನಿಗೆ ಏನುಳಿಯುತ್ತೆ? ಒಂದು ಅಂಕಿ. ಅದರ ಮೇಲೆ ಯಾರೂ ಕೈಯಿಡಬಾರ್ದು. ಇಟ್ಟರೆ ಕೈ ಮುರೀತೀನಿ."

ಅವನಿಗೆ ಹೆಂಡತಿಯೊಬ್ಬಳಿದ್ದಳು, ನಾಲ್ಕು ವರ್ಷ. "ಗೋಡೆ ಮೇಲಿರೋನ ಜೊತೆ ನಾನು ಸಂಸಾರ ಮಾಡೋದು ಹೆಂಗೆ?" ಎಂದು ಬಿಟ್ಟು ಹೋದಳು.

ಹಳೆಯ ವಿದ್ಯಾರ್ಥಿಗಳ ಸಂಘದವರು ಆ ಅಂಕಿಯ ಮೇಲೊಂದು ನಿಯಮವನ್ನೂ ಕಟ್ಟಿದರು. ಕಾಲು ಮೈಲಿ ಓಡುವವನು ಗೋಡೆಯ ಅಂಕಿಯಿಂದ ಒಂದು ಸೆಕೆಂಡಿನೊಳಗೆ ಬಂದರೆ ಮಾತ್ರ ಕಿಂಗ್‌ಸ್ಟನ್‌ಗೆ. ಇಲ್ಲದಿದ್ದರೆ ಶಾಲೆಯ ಮರ್ಯಾದೆಗೆ ಕುಂದು. ಹಾಗಾಗಿ ಡಂಕನ್ ಗ್ಯಾಪಿನಿಂದ ಆ ಓಟಕ್ಕೆ ಯಾರೂ ಹೋಗಲಿಲ್ಲ. ವರ್ಷ ವರ್ಷ ಹುಡುಗರು ಹುಲ್ಲಿನ ಮೇಲೆ ಓಡಿ, ಬಾಯಿಗೆ ನೊರೆ ಬಂದು ಬಿದ್ದರು. ಹೋಪ್ಟನ್ ಗಡಿಯಾರ ತೋರಿಸಿ, "ಸೋಮಾರಿ ನನ್ಮಕ್ಳಾ, ನಾನು ಹಸಿದ ಹೊಟ್ಟೇಲಿ ಓಡಿದ್ದು," ಎಂದು ಬೈದ.

ಹಾಗೆ ಬಿದ್ದವರಲ್ಲಿ ಇಲ್ಡಾಳ ಮಗ ಗ್ಲೆನ್ವಿಲ್ ಕೂಡ ಒಬ್ಬ. ಹುಣಸೆ ಬರಲಿನ ಹಾಗಿದ್ದ ಹುಡುಗ. ಓಡಿದರೆ ಹುಲ್ಲು ಸಹ ಅಲುಗುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಒಂದೇ ವಾರದಲ್ಲಿ ಮೂರು ಸಲ ಓಡಿದ. ಮೂರೂ ಸಲ ನಲವತ್ತೆಂಟು ಪಾಯಿಂಟ್ ಮೂರು. ಬೇಕಾಗಿದ್ದದ್ದು ನಲವತ್ತೆಂಟು. ಮೂರನೆಯ ಸಲ ಅವನು ಎದ್ದು ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, "ಅಮ್ಮಾ, ನನ್ನಲ್ಲಿ ಏನೋ ಕಡಿಮೆ ಇದೆ," ಎಂದ. ಜೋಳದ ಹಿಟ್ಟಿನ ಗಂಜಿಗೆ ತೆಂಗಿನ ಹಾಲು ಸುರಿಯುತ್ತಿದ್ದ ಇಲ್ಡಾಳ ಕೈ ನಿಂತಿತು. ಅವಳು ಗಂಡನ ಮುಖ ನೋಡಿದಳು. ವರ್ನಲ್ ಎದ್ದು ಹೊರಗೆ ಹೋಗಿ ಕುಡುಗೋಲು ಮಸೆಯತೊಡಗಿದ. ಆ ವರ್ಷ ಕಿಂಗ್‌ಸ್ಟನ್‌ನಲ್ಲಿ ಮೂರನೆಯವನು ಓಡಿದ್ದು ನಲವತ್ತೆಂಟು ಪಾಯಿಂಟ್ ನಾಲ್ಕು, ರೇಡಿಯೋದಲ್ಲಿ ಹೇಳಿದರು. ಗ್ಲೆನ್ವಿಲ್ ಕೆಂಪು ಮಣ್ಣಿನ ಗಣಿಗೆ ಲಾರಿ ಓಡಿಸಲು ಸೇರಿದ. ಮೂರು ಮೈಲಿ ಬಳಸಿ ಹೋದರೂ ಸರಿ, ಮೈದಾನದ ರಸ್ತೆಗೆ ಮಾತ್ರ ಅವನು ಲಾರಿ ತಿರುಗಿಸುವುದಿಲ್ಲ.

ಟೀಚರ್ ಪಿನಾಕ್‌ರನ್ನು ಇಲ್ಡಾ ಇನ್ನೊಮ್ಮೆ ನೋಡಿದಳು. ಮ್ಯಾಂಡೆವಿಲ್ ಮಾರುಕಟ್ಟೆಯಲ್ಲಿ, ಹಳೆಯ ಪಠ್ಯಪುಸ್ತಕಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದರು.

"ಹೋಪ್ಟನ್‌ನ ಮಂಡಿ ಹೆಂಗಿದೆಯಮ್ಮಾ?"

"ಪರವಾಗಿಲ್ಲ ಟೀಚರ್."

"ನಾನು ಪಂದ್ಯದ ಹಿಂದಿನ ದಿನ ಅವನನ್ನ ಒಂದು ಸುತ್ತೂ ಓಡಿಸಿರ್ಲಿಲ್ಲ. ಮಲಗಿಸಿದ್ದೆ, ಅಷ್ಟೆ. ಆದ್ರೆ ಎಲ್ಲಿ ಹೋಯ್ತು ಆ ಒಂದೂವರೆ ಸೆಕೆಂಡು ಅಂತ ನಂಗೂ ತಿಳೀಲಿಲ್ಲ. ಲೆಕ್ಕದ ಮೇಷ್ಟ್ರು ನಾನು. ಇವತ್ತಿಗೂ ಕೂಡಿ ಕಳೀತಾ ಇರ್ತೀನಿ."

ಇಲ್ಡಾ ಅವರಿಂದ ತನಗೆ ಓದಲು ಬಾರದ ಪುಸ್ತಕವೊಂದನ್ನು ಕೊಂಡು ಬಸ್ಸು ಹತ್ತಿದಳು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆರು ವರ್ಷದ ಹಿಂದೆ ವರ್ನಲ್ ಕೂಡ ಹೋದ. ಹಗ್ಗದ ಇನ್ನೊಂದು ತುದಿ ಹಿಡಿದಿದ್ದವಳು ಈಗ ಅವಳೊಬ್ಬಳೇ ಬದುಕಿದ್ದಳು. ಶಾಲೆಯ ಮನೆಯನ್ನೂ ಬಿಟ್ಟು, ಚರ್ಚಿನ ಹಿಂದಿನ ಒಂಟಿ ಕೋಣೆಗೆ ಬಂದಿದ್ದಳು. ಕಳೆದುಕೊಳ್ಳಲು ಯಾವ ಮನೆಯೂ ಉಳಿದಿರಲಿಲ್ಲ. ಆದರೂ ಹೇಳಲಿಲ್ಲ. ನಲವತ್ತು ವರ್ಷ ಮುಚ್ಚಿಕೊಂಡ ಬಾಯಿಗೆ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಹೋಪ್ಟನ್‌ಗೆ ಅರವತ್ತು ದಾಟಿದಾಗ ಸಕ್ಕರೆ ಕಾಯಿಲೆ ಎಡಗಾಲಿಗೆ ಇಳಿಯಿತು. ಎರಡು ಬೆರಳು ಕತ್ತರಿಸಿದರು. ಊರುಗೋಲು ಹಿಡಿದೇ ಮೈದಾನಕ್ಕೆ ಬರುತ್ತಿದ್ದ. ಅದೇ ವರ್ಷ ಟೊರಾಂಟೋದಲ್ಲಿ ಹೆಸರು ಮಾಡಿದ್ದ ಡಾಕ್ಟರ್ ಮೋರ್ಗನ್ ಎಂಬ ಹಳೆಯ ವಿದ್ಯಾರ್ಥಿ ಊರಿಗೆ ಬಂದು ಸಂಘದ ಮುಂದೆ ಮಾತೊಂದನ್ನಿಟ್ಟ: ಹುಲ್ಲಿನ ಮೇಲೆ ಹಗ್ಗ ಹಾಸಿ ಅಳೆದ ಕಾಲದ ದಾಖಲೆಗಳನ್ನು ನಂಬುವುದು ಹೇಗೆ? ಅಳತೆಗೆ ಸಾಕ್ಷಿ ಹೇಳುವವರಿದ್ದರೆ ಹೇಳಲಿ, ಇಲ್ಲದಿದ್ದರೆ ಆ ಸಾಲು ಅಳಿಸಿ. ಜವೇನ್ ಎಂಬ ಹುಡುಗ ಚೆನ್ನಾಗಿ ಓಡುತ್ತಿದ್ದಾನೆ, ಅವನನ್ನು ಕಳಿಸೋಣ. ಡಾಕ್ಟರ್ ಹಸಿರಿನವನು. ಅಧ್ಯಕ್ಷ ಈಗ ಮುದಿ ಸ್ಟರ್ಜ್‌ನ ಮಗ ಡೀಕನ್ ಸ್ಟರ್ಜ್, ಕಿತ್ತಳೆ. ಊರು ಎರಡು ಪಾಲಾಯಿತು. ಸಭೆ ಶುಕ್ರವಾರಕ್ಕೆ ನಿಗದಿಯಾಯಿತು.

ಬುಧವಾರ ಬೆಳಿಗ್ಗೆ ಹೋಪ್ಟನ್ ಇಲ್ಡಾಳ ಕೋಣೆಗೆ ಬಂದ. ಊರುಗೋಲನ್ನು ಬಾಗಿಲಿಗೆ ಒರಗಿಸಿ, ಮಂಚದ ಅಂಚಿನಲ್ಲಿ ಕೂತು, ಅವಳು ಕೊಟ್ಟ ಪುದೀನ ಕಷಾಯವನ್ನು ಊದಿ ಊದಿ ಕುಡಿದ.

"ಮಿಸ್ ಇಲ್ಡಾ, ನೀವೊಬ್ರೇ ಉಳಿದಿರೋದು. ಅವತ್ತು ನಿಮ್ಮ ಯಜಮಾನ್ರು ವರ್ನಲ್ ಜೊತೆ ನೀವು ಹಗ್ಗ ಹಿಡಿದಿದ್ರಂತೆ. ಶುಕ್ರವಾರ ಬಂದು ಒಂದೇ ಮಾತು ಹೇಳಿ ಸಾಕು, ಅಳತೆ ಸರಿಯಾಗಿತ್ತು ಅಂತ. ನಿಮ್ಮ ಮಾತನ್ನ ಎರಡೂ ಬಾವುಟದೋರು ನಂಬ್ತಾರೆ. ಸುಳ್ಳು ಹೇಳಿದೋರಲ್ಲ ನೀವು."

ಆ ಕಡೆಯ ಮಾತು ಅವಳಿಗೆ ಚುಚ್ಚಿತು. ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಹಗ್ಗ ಒದ್ದೆಯಾಗಿತ್ತು ಹೋಪ್ಟನ್."

"ಏನು?"

"ಎರಡು ದಿನ ನೀರಲ್ಲಿ ನೆನೆದಿತ್ತು. ನೆನೆದು ಗಿಡ್ಡ ಆಗಿತ್ತು. ನಮಗೆ ಗೊತ್ತಾಗ್ಲಿಲ್ಲ. ಗೊತ್ತಾದ ಮೇಲೆ ಹೇಳ್ಲಿಲ್ಲ."

ಅವನು ಲೋಟವನ್ನು ನೆಲದ ಮೇಲಿಟ್ಟ.

"ಎಷ್ಟು?"

"ಒಂದು ಸುತ್ತಲ್ಲಿ ಹನ್ನೆರಡು ಗಜ."

ಅವನ ತುಟಿ ಅಲುಗಿತು. ಜೀವಮಾನವೆಲ್ಲ ಗಡಿಯಾರ ಹಿಡಿದವನಿಗೆ ಆ ಲೆಕ್ಕಕ್ಕೆ ಬೆರಳು ಬೇಕಿರಲಿಲ್ಲ. "ನಲವತ್ತೆಂಟು ಪಾಯಿಂಟ್ ಮೂರು," ಎಂದ. "ನಿಮ್ಮ ಗ್ಲೆನ್ವಿಲ್ ಓಡಿದಷ್ಟೇ."

"ಹೂಂ."

"ಕಿಂಗ್‌ಸ್ಟನ್ನಲ್ಲಿ ನಲವತ್ತೆಂಟು ಪಾಯಿಂಟ್ ಐದು. ಅಲ್ಲಿಗೆ ನಂಗೆ ಯಾರೂ ಏನೂ ಮಾಡಿರ್ಲಿಲ್ಲ." ಆಮೇಲೆ ದನಿ ಇಳಿಸಿ, "ಟೀಚರ್ ಬೂಟಿನ ಮೇಲೆ ಉಗಿದೆನಲ್ಲ ನಾನು. ನೀವು ಅಲ್ಲೇ ಬೇಲಿ ಹತ್ರ ನಿಂತಿದ್ರಿ."

"ನಿಂತಿದ್ದೆ."

ಅವನು ಎದ್ದ. ಊರುಗೋಲಿಗೆ ಕೈ ಚಾಚಿದಾಗ ಅದು ಜಾರಿ ಬಿತ್ತು. ಎತ್ತಿಕೊಡಲು ಬಂದ ಇಲ್ಡಾಳನ್ನು ಅಂಗೈಯಿಂದಲೇ ತಡೆದ. ಗೋಡೆ ಹಿಡಿದು ಬಗ್ಗಿ ತಾನೇ ಎತ್ತಿಕೊಂಡ. ಬಾಗಿಲಲ್ಲಿ ನಿಂತು, ತಿರುಗದೆ, "ಶುಕ್ರವಾರ ನೀವು ಬರ್ಬೇಡಿ," ಎಂದ.

ಅವಳು ಹೋದಳು. ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು, ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತಳು. ತಲೆಯ ಮೇಲೆ ಗೋಡೆಯ ಎತ್ತರದಲ್ಲಿ ಫಲಕ. ಹೋಪ್ಟನ್ ಹಿಂದಿನ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ. ಡೀಕನ್ ಸ್ಟರ್ಜ್ ನಗುನಗುತ್ತ, "ಬನ್ನಿ ತಾಯಿ, ನಿಮ್ಮ ಗಂಡ ಎಷ್ಟು ನಿಯತ್ತಿನ ಮನುಷ್ಯ ಅಂತ ಈ ಟೊರಾಂಟೋದೋರಿಗೆ ಸ್ವಲ್ಪ ಹೇಳಿ," ಎಂದ.

ಇಲ್ಡಾ ಎದ್ದು ನಿಂತು, ಪೀಪಾಯಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಹಗ್ಗ, ಬಳೆ, ಗುಂಡಿ, ಗೂಟ. ಕೊನೆಗೆ, "ಟೀಚರ್ ಪಿನಾಕ್ ಯಾರನ್ನೂ ಮಾರ್ಲಿಲ್ಲ. ಅವರನ್ನ ಊರಿಂದ ಓಡ್ಸಿದ್ದು ನನ್ನ ಮುಚ್ಚಿದ ಬಾಯಿ," ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಮುದುಕೀಗೆ ಎಷ್ಟು ಕೊಟ್ರೋ ಹಸಿರಿನೋರು?"

ಅಷ್ಟೇ ಸಾಕಾಯಿತು. "ಮಗನ್ನ ಕಳಿಸ್ಲಿಲ್ಲ ಅಂತ ಇಷ್ಟು ವರ್ಷ ಹಲ್ಲು ಮಸೀತಿದ್ಳು!" "ಸತ್ತ ಗಂಡನ ಮೇಲೇ ಹಾಕ್ತಾಳಲ್ಲಪ್ಪ!" "ನಲವತ್ತಮೂರು ವರ್ಷ ಬಾಯಲ್ಲಿ ಕಡುಬಿತ್ತೇನಜ್ಜೀ?" ನಕ್ಕವರೂ ಇದ್ದರು. ಡಾಕ್ಟರನ ಕಡೆಯವರು ಅವಳನ್ನು ನಂಬಿದರು. ಆದರೆ ಅವರೂ ನಂಬಿದ್ದು ತಮ್ಮ ಕಡೆಯವಳು ಎಂದುಕೊಂಡೇ. ಅವಳ ಮಾತನ್ನು ಮಾತೆಂದು ಕೇಳಿಸಿಕೊಂಡವನು ಆ ಸಭಾಂಗಣದಲ್ಲಿ ಒಬ್ಬನೇ. ಅವನು ತಲೆ ತಗ್ಗಿಸಿ ಕೂತಿದ್ದ.

ಕೈ ಎತ್ತಿಸಿದರು. ಹನ್ನೊಂದು ಕಿತ್ತಳೆ, ಏಳು ಹಸಿರು. ಅಂಕಿ ಗೋಡೆಯ ಮೇಲೆಯೇ ಉಳಿಯಿತು. "ನಲವತ್ತೇಳು! ನಲವತ್ತೇಳು!" ಎಂದು ಬೆಂಚು ಕುಟ್ಟಿದರು. ಡೀಕನ್ ಹೋಗಿ ಹೋಪ್ಟನ್‌ನ ಕೈ ಹಿಡಿದು ಮೇಲೆತ್ತಿದ. ಆ ಕೈ ಬಟ್ಟೆ ಒಣಹಾಕಿದ ಹಾಗೆ ಜೋತಿತ್ತು.

ಆ ಮೇಲೆ ಊರಿನ ಅರ್ಧ ಜನ ಇಲ್ಡಾಳ ಜೊತೆ ಮಾತು ಬಿಟ್ಟರು. ಬರ್ಡಿ ಅಂಗಡಿಯಲ್ಲಿ ಸಾಬೂನು ಕೊಟ್ಟಳು, ಮುಖ ಕೊಡಲಿಲ್ಲ. ಗ್ಲೆನ್ವಿಲ್ ಬಂದು ಬಾಗಿಲಲ್ಲೇ ನಿಂತು ಕೇಳಿದ: "ನಂಗೆ ಹದಿನೇಳಾಗಿದ್ದಾಗ ನಿಂಗೆ ಇದು ಗೊತ್ತಿತ್ತಾ?" ಗೊತ್ತಿತ್ತು ಎಂದಳು. ಅವನು ತಂದಿದ್ದ ಗೆಣಸನ್ನು ಕೆಳಗಿಟ್ಟು ಹೋದ. ಆಮೇಲೆ ಬರಲಿಲ್ಲ.

ಹೋಪ್ಟನ್ ಮೂರು ತಿಂಗಳು ಅವಳ ಕಡೆ ತಲೆ ಹಾಕಲಿಲ್ಲ. ಅವನೇನು ಮಾಡಿದ ಎಂಬುದು ತುಂಡು ತುಂಡಾಗಿ ಕಿವಿಗೆ ಬಿತ್ತು. ಜವೇನ್ ಓಡಿದನಂತೆ, ನಲವತ್ತೆಂಟು ಪಾಯಿಂಟ್ ಒಂದು. ಕೂದಲೆಳೆಯಷ್ಟರಲ್ಲಿ ನಿಯಮ ತಪ್ಪಿತು. ಗಡಿಯಾರ ಹೋಪ್ಟನ್‌ನ ಕೈಯಲ್ಲೇ ಇತ್ತು. ಅವನು ಡೀಕನ್‌ನ ಮನೆಗೆ ಕುಂಟುತ್ತ ಹೋಗಿ, "ಹುಡುಗನ್ನ ಕಳಿಸಿ. ಗೋಡೆ ಮೇಲಿರೋದು ಸುಳ್ಳು. ನಾನೇ ಹೇಳ್ತಿದೀನಲ್ಲ," ಎಂದನಂತೆ. ಡೀಕನ್ ಅವನ ಭುಜ ತಟ್ಟಿ, "ಸಕ್ಕರೆ ತಲೆಗೇರಿದೆ ಕಣಯ್ಯಾ, ಮನೆಗೆ ಹೋಗಿ ಮಲಕ್ಕೋ. ಮತ ಹಾಕಿ ಉಳಿಸಿದೀವಿ, ಈಗ ನೀನೇ ನಮ್ಮ ಮರ್ಯಾದೆ ತೆಗೀಬೇಡ. ನಿಯಮ ಅಂದ್ರೆ ನಿಯಮ," ಎಂದನಂತೆ. ಮತ್ತೆರಡು ಸಲ ಹೋದ. ಮೂರನೆಯ ಸಲ ನಾಯಿ ಬಿಟ್ಟರು ಎಂದೂ ಹೇಳುತ್ತಾರೆ. ಇಲ್ಡಾ ಅದನ್ನು ಕಣ್ಣಾರೆ ಕಂಡಿಲ್ಲ.

ಆ ವಾರವೇ ಅವನ ಪಾದ ಕಪ್ಪಿಟ್ಟಿತು. ಪಟ್ಟಣದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಗಾಯ ಮಾಗುತ್ತಿಲ್ಲ, ಜ್ವರ ಇಳಿಯುತ್ತಿಲ್ಲ ಎಂದು ಕೇಳಿ ಇಲ್ಡಾ ಕೋಳಿಕಾಲಿನ ಸಾರು ಮಾಡಿ ಡಬ್ಬಿಗೆ ತುಂಬಿಕೊಂಡು, ಎರಡು ಬಸ್ಸು ಬದಲಿಸಿ ಹೋದಳು. ಮಧ್ಯಾಹ್ನದ ಭೇಟಿಯ ಹೊತ್ತು. ಇಪ್ಪತ್ತು ಮಂಚದ ಕೋಣೆ, ಒಂದು ಫ್ಯಾನು. ಹೋಪ್ಟನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಷ್ಟು ಉದ್ದದ ಮನುಷ್ಯ ಹೊದಿಕೆಯ ಕೆಳಗೆ ಎಲ್ಲಿ ಮುಗಿಯುತ್ತಾನೆಂದು ಹುಡುಕುವ ಹಾಗಾಗಿತ್ತು. ಇಷ್ಟು ವರ್ಷ ಬೆನ್ನು ತಟ್ಟಿದ ಕಿತ್ತಳೆಯವರು ಒಬ್ಬರೂ ಬಂದಿರಲಿಲ್ಲ. ಮಂಚದ ಪಕ್ಕ ಕುರ್ಚಿ ಕೂಡ ಇರಲಿಲ್ಲ.

ಅವಳು ನಿಂತುಕೊಂಡೇ ನಾಲ್ಕು ಚಮಚ ಸಾರು ಕುಡಿಸಿದಳು. ಐದನೆಯದಕ್ಕೆ ಬಾಯಿ ತೆರೆಯಲಿಲ್ಲ.

"ಇವತ್ತು ಯಾವ ವಾರ?"

"ಗುರುವಾರ."

"ಸೋಮವಾರ ಹೆಸರಿನ ಪಟ್ಟಿ ಕಿಂಗ್‌ಸ್ಟನ್‌ಗೆ ಹೋಗುತ್ತೆ." ಉಸಿರು ತೆಗೆದುಕೊಂಡ. "ಆ ಜವೇನ್ ನನಗಿಂತ ಜೋರು. ಗ್ಲೆನ್ವಿಲ್ಲಿಗಿಂತಾನೂ. ನಾನು ಕಣ್ಣಲ್ಲಿ ನೋಡ್ದೆ. ತಿರುವಿನಲ್ಲಿ ಭುಜ ಒಂದಿಷ್ಟೂ ಏಳೋದಿಲ್ಲ. ಅವನಿಗೆ ಸೋಮಾರಿ ಅಂದುಬಿಟ್ಟೆ ಮೊದಲ್ನೇ ದಿನ."

"ಸುಮ್ನೆ ಮಲಕ್ಕೋ ಹೋಪ್ಟನ್."

"ಆ ನಿಯಮದಲ್ಲಿ ಬರೆದಿರೋದು ಏನು ಗೊತ್ತಾ? 'ಫಲಕದ ಮೇಲಿರುವ ಅಂಕಿ.' ಹಂಗೇ ಇದೆ, ನಾನೇ ಬರೆಸಿದ್ದು. ಫಲಕದ ಮೇಲೆ ಅಂಕಿ ಇಲ್ಲದಿದ್ರೆ ಅವರು ಯಾತರಿಂದ ಅಳೀತಾರೆ? ಮತ್ತೆ ಬರೆಸೋಕೆ ಬಣ್ಣದೋನು ಬರ್ಬೇಕು, ಸಭೆ ಕೂರ್ಬೇಕು, ಕೈ ಎತ್ಬೇಕು. ಅಷ್ಟ್ರಲ್ಲಿ ಸೋಮವಾರ ದಾಟುತ್ತೆ."

ಪಕ್ಕದ ಮಂಚದವನು ಕೆಮ್ಮಿದ. ಹೋಪ್ಟನ್ ದಿಂಬಿನ ಕೆಳಗೆ ಕೈ ಹಾಕಿ, ಕ್ರೀಡಾ ಸಾಮಾನಿನ ಕೋಣೆಯದೂ ಸಭಾಂಗಣದ್ದೂ ಸೇರಿದ್ದ ಬೀಗದ ಕೈ ಗೊಂಚಲು ತೆಗೆದು ಅವಳ ಅಂಗೈಯಲ್ಲಿಟ್ಟ. ಬಿಸಿಯಾಗಿತ್ತು, ಜ್ವರದ ಬಿಸಿ.

"ಭಾನುವಾರ ಎಲ್ಲರೂ ಚರ್ಚಿನಲ್ಲಿರ್ತಾರೆ. ಸಾಮಾನಿನ ಕೋಣೇಲಿ ಟರ್ಪೆಂಟೈನ್ ಇದೆ, ಗೋಣಿ ಬಟ್ಟೆ ಇದೆ. ಮೊದಲು ಅಂಕಿ ಒರೆಸಿ. ಆಮೇಲೆ ಹೆಸರು. ಹೆಸರು ಬಿಟ್ರೆ ಯಾರಾದ್ರೂ ನೆನಪಲ್ಲಿ ಮತ್ತೆ ಅಂಕಿ ಬರೀತಾರೆ."

ಇಲ್ಡಾ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳಿಗೆ ಎಪ್ಪತ್ತು ತುಂಬಿತ್ತು. ಅವಳ ಮೊಣಕಾಲನ್ನೂ ಪಾದವನ್ನೂ ಹೋಪ್ಟನ್ ನೋಡಿದ. ಗೆರೆಯ ಮೇಲೆ ನಿಂತ ಹುಡುಗರನ್ನು ನೋಡುತ್ತಿದ್ದ ಕಣ್ಣಿನಲ್ಲೇ ನೋಡಿದ.

"ಏಣಿ ಹತ್ತೋಕಾಗುತ್ತಾ ನಿಮ್ಗೆ, ಮಿಸ್ ಇಲ್ಡಾ?"